ಗೆದ್ದಲು ಹಿಡಿದ ಬೀಟೆ ಬೀರು, ಪೇಂಟು ಮೆತ್ತಿದ ಡ್ರಾಯರ್ ಪೆಟ್ಟಿಗೆ, ಹಿತ್ತಾಳೆ ಮಂಚ: ಲೋಹದ ಸಾಮಾನು ಕೆಡದ ಹಾಗೆ ಬಿಚ್ಚೋದು ಹೇಗೆ?

ಮಲೆನಾಡ ಮರ

ಮೂರು ಸಾಮಾನು ಬಿಚ್ಚೋದಿದೆ.

ಒಂದು, ಬೀಟೆ ಮರದ ಎರಡು ಬಾಗಿಲಿನ ಬೀರು. ಹಿಂದಿನ ಹಲಗೆ, ತಳ, ಎರಡು ಕಾಲು ಪೂರ್ತಿ ಗೆದ್ದಲು. ಬಾಗಿಲಿಗೆ ಆರು ಹಿತ್ತಾಳೆ ಬಿಜಾಗರಿ, ಒಂದು ಬೀಗ, ಮೇಲೆ ಕೆಳಗೆ ಚಿಲಕ, ಅಂಚಿಗೆ ಸಾಲಾಗಿ ಹಿತ್ತಾಳೆ ಗುಬ್ಬಿ ಮೊಳೆ (ಕಬ್ಬಿಣದ ಮೊಳೆಗೆ ಬಟ್ಟಲಿನಂಥ ಹಿತ್ತಾಳೆ ತಲೆ).
ಎರಡು, ತೇಗದ ಐದು ಡ್ರಾಯರಿನ ಪೆಟ್ಟಿಗೆ. ಹತ್ತು ಹಿಡಿ, ಐದು ಬೀಗ, ಕಾಲಿಗೆ ಹಿತ್ತಾಳೆ ಗಾಲಿ. ಮರ ಗಟ್ಟಿಯಿದೆ, ಆದರೆ ಮೂರ್ನಾಲ್ಕು ಪದರ ಹಸಿರು ಪೇಂಟು, ಹಿಡಿಗಳ ಮೇಲೂ.
ಮೂರು, ಹಿತ್ತಾಳೆ ಮಂಚ. ಮ್ಯಾಗ್ನೆಟ್ ಹಿಡಿದರೆ ಕಂಬಕ್ಕೆ ಕಚ್ಚಿಕೊಳ್ತಿದೆ.

ಗುಜರಿಯವರು ಎಲ್ಲಾ ಸೇರಿಸಿ ತೂಕಕ್ಕೆ ಕೇಳ್ತಿದ್ದಾರೆ. ಅದಕ್ಕಿಂತ ಬಿಡಿಭಾಗಗಳಿಗೆ ಸಂಗ್ರಹಕಾರರ ಹತ್ತಿರ ಬೆಲೆ ಇದೆ ಅಂತ ಗೊತ್ತು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ಇಡಬಾರದು?

ಕೊಡತಿ ಪೆಟ್ಟು

ಮೊದಲು ಎರಡನೆಯದನ್ನು ಪಟ್ಟಿಯಿಂದ ತೆಗೆದುಬಿಡಿ. ಮರ ಗಟ್ಟಿಯಿದ್ದು, ಹತ್ತು ಹಿಡಿ, ಐದು ಬೀಗ, ನಾಲ್ಕು ಗಾಲಿ ಎಲ್ಲಾ ಮೂಲದ್ದೇ ಇದ್ದರೆ ಆ ಪೆಟ್ಟಿಗೆ ಇಡಿಯಾಗಿಯೇ ಬೆಲೆಬಾಳೋದು. ಹಿಡಿ ಕಿತ್ತ ಡ್ರಾಯರಿನ ಮುಖದಲ್ಲಿ ತೂತು, ತಟ್ಟೆಯ ನೆರಳು ಉಳಿಯುತ್ತೆ. ಬೇರೆ ಹಿಡಿ ಹಾಕಿದರೆ ತೂತಿನ ಅಂತರ ಕೂಡಲ್ಲ. ಪೇಂಟು ತೆಗೆಯೋಕೆ ಹಿಡಿ ಬಿಚ್ಚಿ, ತಿರುಗಿ ಅದೇ ಜಾಗಕ್ಕೆ ಹಾಕಿ. ಬೀರಿನ ವಿಷಯ ಬೇರೆ, ಅದರ ಮೈಕಟ್ಟೇ ಹೋಗಿದೆ. ಅದನ್ನು ಬಿಚ್ಚಬಹುದು.

ಬಿಚ್ಚೋ ಮುಂಚೆ ಎಲ್ಲ ಕಡೆಯಿಂದ ಫೋಟೋ, ಪ್ರತಿ ಬಿಜಾಗರಿಗೆ ಒಂದು ನಂಬರು, ನಂಬರು ಬರೆದ ಒಂದು ಬಟ್ಟೆ ಚೀಲ. ಬಿಜಾಗರಿಯ ಜೊತೆ ಅದರದ್ದೇ ಸ್ಕ್ರೂಗಳು ಹೋಗಬೇಕು. ಎಲ್ಲ ಸ್ಕ್ರೂ ಒಂದೇ ಡಬ್ಬಿಗೆ ಸುರಿದರೆ ಅರ್ಧ ಬೆಲೆ ಅಲ್ಲೇ ಹೋಯ್ತು. ಕೈಯಲ್ಲಿ ಅರ ಹಾಕಿ ಮಾಡಿದ ಹಳೇ ಸ್ಕ್ರೂ ಒಂದಕ್ಕೊಂದು ಸರಿಸಮ ಇರಲ್ಲ, ಒಂದರ ತೂತಿಗೆ ಇನ್ನೊಂದು ಕೂರಲ್ಲ.

ಈಗ ಸ್ಕ್ರೂ. ಹಾಳಾಗೋದೆಲ್ಲ ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಹಿತ್ತಾಳೆ ಸ್ಕ್ರೂ ಮೆತ್ತಗೆ. ತಲೆಯ ಗೀರಿನಲ್ಲಿ ಪಾಲಿಶು, ಪೇಂಟು, ಮೇಣ ತುಂಬಿರುತ್ತೆ. ಅದರ ಮೇಲೇ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಬಾಯಿ ಜಾರಿ ಗೀರಿನ ಅಂಚು ಕಿತ್ತುಕೊಂಡು ಬರುತ್ತೆ. ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡು ಅಥವಾ ಹಳೇ ಚಾಕುವಿನ ತುದಿಯಿಂದ ಗೀರನ್ನು ತಳದವರೆಗೆ ಕೆರೆದು ಖಾಲಿ ಮಾಡಿ. ಸ್ಕ್ರೂಡ್ರೈವರಿನ ಬಾಯಿ ಗೀರಿನಷ್ಟೇ ಅಗಲ, ಗೀರಿನಷ್ಟೇ ದಪ್ಪ ಇರಬೇಕು. ಅಂಗಡಿಯಲ್ಲಿ ಸಿಗೋ ಬಹುಪಾಲು ಬಾಯಿ ತುದಿಗೆ ಸಪೂರ, ಮೇಲೆ ದಪ್ಪ. ಆಪಿನ ಹಾಗೆ ಅದು ಗೀರಿನಿಂದ ಮೇಲಕ್ಕೆ ಎದ್ದು ಬರುತ್ತೆ. ಸಾಣೆ ಕಲ್ಲಿಗೆ ಹಿಡಿದು ತುದಿಯ ಎರಡೂ ಮುಖ ಸಮಾನಾಂತರ ಮಾಡಿಕೊಳ್ಳಿ. ನಾಲ್ಕು ಅಳತೆಯ ಅಗ್ಗದ ಸ್ಕ್ರೂಡ್ರೈವರ್ ಈ ಕೆಲಸಕ್ಕೇ ಮೀಸಲಿಡಿ.

ಮೊದಲ ತಿರುವು ಬಿಗಿ ಮಾಡೋ ಕಡೆಗೆ, ಕೂದಲೆಳೆಯಷ್ಟು. ತುಕ್ಕಿನ ಅಥವಾ ಮೇಣದ ಹಿಡಿತ "ಟಕ್" ಅಂತ ಬಿಟ್ಟದ್ದು ಕೈಗೆ ಗೊತ್ತಾಗುತ್ತೆ. ಆಮೇಲೆ ಬಿಚ್ಚೋ ಕಡೆಗೆ. ಬಿಡದಿದ್ದರೆ 60 ವ್ಯಾಟಿನ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಎರಡು ನಿಮಿಷ ಒತ್ತಿ ಹಿಡಿದು, ತೆಗೆದು, ಪೂರ್ತಿ ತಣ್ಣಗಾಗೋಕೆ ಬಿಡಿ. ಕಾದ ಸ್ಕ್ರೂ ಹಿಗ್ಗಿ ಸುತ್ತಲ ಮರವನ್ನು ಒತ್ತುತ್ತೆ, ತಣಿದಾಗ ತಾನು ಕುಗ್ಗುತ್ತೆ, ಮರ ಒತ್ತಿದಲ್ಲೇ ನಿಲ್ಲುತ್ತೆ. ಆ ಸಂದೇ ನಮಗೆ ಬೇಕಾದ್ದು. ಬಿಸಿಯಿದ್ದಾಗಲೇ ತಿರುಗಿಸಿದರೆ ತಲೆ ಮುರಿಯುತ್ತೆ. ಸುತ್ತ ಅರಗಿನ ಪಾಲಿಶ್ ಇದ್ದರೆ ಒದ್ದೆ ಬಟ್ಟೆ ಹಾಸಿ, ಇಲ್ಲದಿದ್ದರೆ ಅದು ಕರಗಿ ಗುಳ್ಳೆ ಏಳುತ್ತೆ. ಸೀಮೆಎಣ್ಣೆ ಬಿಡೋದು ಹಳೇ ಅಭ್ಯಾಸ. ಹಾಳು ಮರಕ್ಕೆ ಸರಿ, ಉಳಿಸಿಕೊಳ್ಳೋ ಮರಕ್ಕೆ ಬೇಡ, ಕಲೆ ಹೋಗಲ್ಲ. ಕೊಬ್ಬರಿ ಎಣ್ಣೆಯಂತೂ ಹಾಕಲೇಬೇಡಿ.

ಬಾಗಿಲು ಬಿಚ್ಚೋವಾಗ ಒಂದು ಲೆಕ್ಕ. ಆರಡಿ ಎತ್ತರ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪದ ಬೀಟೆ ಬಾಗಿಲು ಹತ್ತಿರ ಹತ್ತಿರ 18 ಕೆಜಿ. ಮೂರು ಬಿಜಾಗರಿಯಲ್ಲಿ ಎರಡು ಬಿಚ್ಚಿದ ಮೇಲೆ ಅಷ್ಟೂ ತೂಕ ಒಂದೇ ಬಿಜಾಗರಿಗೆ ಬೀಳುತ್ತೆ, ರೆಕ್ಕೆ ಸೊಟ್ಟಗಾಗುತ್ತೆ. ಸೊಟ್ಟಗಾದ ಎರಕದ ಹಿತ್ತಾಳೆಯನ್ನು ತಟ್ಟಿ ನೇರ ಮಾಡಹೋದರೆ ಸೀಳುತ್ತೆ. ಬಾಗಿಲ ಕೆಳಗೆ ಮೊದಲೇ ಆಪು ಕೊಡಿ. ಎಲ್ಲ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಕೆಳಗಿನಿಂದ ಬಿಚ್ಚುತ್ತಾ ಬನ್ನಿ, ಮೇಲಿನ ಬಿಜಾಗರಿ ಕೊನೆಗೆ.

ಗುಜರಿ ಗಣಿತ

ಇಷ್ಟೆಲ್ಲ ಯಾಕೆ? ಬೀರಿನ ಮರ ಹೇಗೂ ಹೋಗಿದೆ. ಲೋಹದ ಸುತ್ತ ಒಂದಿಂಚು ಬಿಟ್ಟು ಗರಗಸದಲ್ಲಿ ಕೊಯ್ದು, ತುಂಡನ್ನು ಬೆಂಚಿನ ಮೇಲೆ ಇಟ್ಟುಕೊಂಡರೆ ಕೆಲಸ ಮುಗೀತು.

ಕೊಡತಿ ಪೆಟ್ಟು

ಗಣಿತ ಅವರೇ, ಗುಬ್ಬಿ ಮೊಳೆ ಹೇಗೂ ಬರದಿದ್ದರೆ ನಿಮ್ಮ ದಾರಿಯೇ ಸರಿ. ಬಿಜಾಗರಿಗೆ ಅಲ್ಲ. ಬಿಜಾಗರಿಯ ಒಂದು ರೆಕ್ಕೆ ಬಾಗಿಲಲ್ಲಿ, ಇನ್ನೊಂದು ಚೌಕಟ್ಟಲ್ಲಿ. ಗರಗಸ ಎಳೆಯೋವಾಗ ನಡುವಿನ ಕಡ್ಡಿ ತಿರುಚುತ್ತೆ. ಮೇಲಾಗಿ ಗೆದ್ದಲು ತಿಂದದ್ದು ಹಿಂಬದಿ ಮತ್ತು ತಳ. ಬಾಗಿಲ ಹಲಗೆ ಚೆನ್ನಾಗಿದ್ದರೆ ಅದು ಬೀಟೆ, ಸೌದೆ ಅಲ್ಲ.

ಹಿತ್ತಾಳೆ ಹುಚ್ಚು

ಬಿಚ್ಚೋ ಶ್ರಮಕ್ಕೆ ಮುಂಚೆ ಏನು ಬಿಚ್ಚುತ್ತಿದ್ದೀರಿ ಅಂತ ತಿಳಿಯಲಿ.

ಮ್ಯಾಗ್ನೆಟ್ ಕಚ್ಚಿದರೆ ಒಳಗೆ ಕಬ್ಬಿಣ, ಮೇಲೆ ಲೇಪ ಅಥವಾ ಹೊದಿಕೆ. ಆದರೆ ಮ್ಯಾಗ್ನೆಟ್ ಕಚ್ಚಲಿಲ್ಲ ಅಂದ ಮಾತ್ರಕ್ಕೆ ಹಿತ್ತಾಳೆ ಅಲ್ಲ. ಸತುವಿನ ಮಿಶ್ರಲೋಹದ ಮೇಲೆ ಹಿತ್ತಾಳೆ ಬಣ್ಣ ಕೊಟ್ಟ ಹಿಡಿಗಳು ಬೇಕಾದಷ್ಟಿವೆ. ಹಿಂಬದಿ ಕಾಣದ ಕಡೆ ಅರದಿಂದ ಒಂದು ಗೀರು ಎಳೆದರೆ ಹಿತ್ತಾಳೆ ಹಳದಿಯೇ, ಸತುವಾದರೆ ಬೂದು.

ಗೀರು ಎಳೆಯೋಕೆ ಮನಸ್ಸಿಲ್ಲದಿದ್ದರೆ ನೀರಿನಲ್ಲಿ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬಿಜಾಗರಿಯನ್ನು ಒಣಗಿದ್ದಾಗ ತೂಗಿ. 126 ಗ್ರಾಂ ಬಂತು ಅನ್ನಿ. ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆ ಮಾಡಿ. ಬಿಜಾಗರಿಗೆ ದಾರ ಕಟ್ಟಿ, ಲೋಟದ ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 15 ತೋರಿಸಿದರೆ 126 ಭಾಗಿಸು 15, ಅಂದರೆ 8.4: ಹಿತ್ತಾಳೆ. 19 ತೋರಿಸಿದರೆ 6.6, ಸತುವಿನ ಎರಕ. ಕಬ್ಬಿಣ 7.8ರ ಆಸುಪಾಸು. ಮೂಲೆಯಲ್ಲಿ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತೆ, ಒಂದು ಹನಿ ಸೋಪು ಹಾಕಿ ಅಲ್ಲಾಡಿಸಿ. ಸ್ಕ್ರೂ ತೆಗೆದೇ ತೂಗಬೇಕು.

ಕಾಲ ಗುರುತಿಸೋಕೆ ಸ್ಕ್ರೂ ಒಳ್ಳೇ ಸಾಕ್ಷಿ. ತುದಿ ಮೊಂಡು, ತಲೆಯ ಗೀರು ಒಂದು ಪಕ್ಕಕ್ಕೆ ಸರಿದಿದೆ, ಸುರುಳಿ ಒಂದೇ ಸಮ ಇಲ್ಲ ಅಂದರೆ ಸುಮಾರು 1850ಕ್ಕಿಂತ ಹಿಂದಿನ ರೀತಿಯದ್ದು. ಚೂಪು ತುದಿಯ ಯಂತ್ರದ ಸ್ಕ್ರೂ ಹರಡಿದ್ದು ಆಮೇಲೆ: ಅಮೆರಿಕದ ಥಾಮಸ್ ಸ್ಲೋನ್ ಪೇಟೆಂಟ್ 1846ರದ್ದು, ಇಂಗ್ಲೆಂಡಿನ ನೆಟಲ್‌ಫೋಲ್ಡ್ ಅದರ ಹಕ್ಕು ಕೊಂಡು 1854ರಲ್ಲಿ ಯಂತ್ರ ಹೂಡಿದ್ದು. ಪ್ಲಸ್ ತಲೆಯ ಸ್ಕ್ರೂ 1930ರ ದಶಕದ್ದು. ಆದರೆ ಒಂದು ಸ್ಕ್ರೂ ನೋಡಿ ತೀರ್ಮಾನ ಬೇಡ. ಎಂಟರಲ್ಲಿ ಒಂದು ಪ್ಲಸ್ ಇದ್ದರೆ ಯಾರೋ ರಿಪೇರಿ ಮಾಡಿದ್ದಾರೆ, ಅಷ್ಟೇ.

ಹಿಡಿಯ ತಟ್ಟೆಯ ಹಿಂಬದಿ ನೋಡಿ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಹಿಂದೆ ತರಿತರಿ, ಅಂಚಿನಲ್ಲಿ ಅರದ ಗೆರೆ. ಹಳೆಯದನ್ನೇ ಅಚ್ಚಾಗಿಟ್ಟು ಹೊಸದಾಗಿ ಎರಕ ಹೊಯ್ದ ನಕಲು ಮಾರುಕಟ್ಟೆಯಲ್ಲಿ ಧಾರಾಳ. ಹಿತ್ತಾಳೆ ತಣಿದಾಗ ಶೇ. 1.5ರ ಹತ್ತಿರ ಕುಗ್ಗುತ್ತೆ, ಆದ್ದರಿಂದ ಮೂಲ 100 ಮಿಲಿಮೀಟರ್ ಇದ್ದರೆ ನಕಲು 98.5. ಹೂಬಳ್ಳಿಯ ಅಂಚು ಸೋಪಿನ ಹಾಗೆ ನುಣುಪಾಗಿರುತ್ತೆ. ಹತ್ತು ಹಿಡಿಯಲ್ಲಿ ಎರಡು ಮಾತ್ರ ಚಿಕ್ಕದಾಗಿದ್ದರೆ ಆ ಎರಡು ಆಮೇಲೆ ಸೇರಿದ್ದು.

ಇನ್ನೂ ಒಂದು: ಚೌಕ ಓರೆಯಾಗಿ ನಿಲ್ಲಿಸಿದ ಹಾಗೆ ವಜ್ರಾಕಾರದ ಸಣ್ಣ ಮುದ್ರೆ ಇದೆಯಾ? ಅದು ಬ್ರಿಟಿಷ್ ವಿನ್ಯಾಸ ನೋಂದಣಿ ಗುರುತು, 1842ರಿಂದ 1883ರವರೆಗೆ. ನೆತ್ತಿಯ ಮೇಲಿನ ವೃತ್ತದಲ್ಲಿ ರೋಮನ್ ಒಂದು ಇದ್ದರೆ ಲೋಹದ ವರ್ಗ. ವರ್ಷದ ಅಕ್ಷರ 1867ರವರೆಗೆ ಮೇಲಿನ ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ. 1884ರಿಂದ ಬರೀ ನೋಂದಣಿ ಸಂಖ್ಯೆ. ಗಾಲಿಯ ಮೇಲೆ ಕೋಪ್ ಅಂಡ್ ಕಾಲಿನ್ಸನ್ ಅಂತ ಹೆಸರು ಕೊರೆದಿದ್ದರೆ ಇಂಗ್ಲೆಂಡಿನದು, ಸಂಗ್ರಹಕಾರರು ಹುಡುಕೋ ಹೆಸರು. ಈ ಗುರುತುಗಳ ಮೇಲೆ ಪಾಲಿಶ್ ಬಟ್ಟೆ ಆಡಿಸಬೇಡಿ, ಉಜ್ಜಿದಷ್ಟೂ ಸವೆಯುತ್ತೆ.

ಬೀಗದ ಕೈ

ಬೀಗದ ಬಗ್ಗೆ ನಾ ಹೇಳ್ತೀನ್ರಿ.

ಡ್ರಾಯರ್ ಬೀಗ ಹಾಕಿದ್ದು, ಕೀಲಿಕೈ ಇಲ್ಲ ಅಂದ್ರ ಮುಂದಿಂದ ಮೀಟಬ್ಯಾಡ್ರಿ. ಬೀಗದ ನಾಲಗೆ ಮ್ಯಾಲಿನ ಪಟ್ಟಿಯೊಳಗ ಹೋಗಿರತದ, ಮೀಟಿದ್ರ ಪಟ್ಟಿ ಸೀಳತದ, ನಾಲಗೆ ಬಾಗತದ. ಅದರ ಮ್ಯಾಲಿನ ಡ್ರಾಯರ್ ತಗೀರಿ. ನಡುವ ಹಲಗೆ ಇಲ್ಲದಿದ್ರ ಕೈ ಹಾಕಿ ಬೀಗದ ಸ್ಕ್ರೂ ಒಳಗಿಂದ ಬಿಚ್ಚಬಹುದು. ನಡುವ ಹಲಗೆ ಇದ್ರ ಪೆಟ್ಟಿಗೆಯ ಬೆನ್ನ ಹಲಗೆ ಬಿಚ್ಚಿ ಹಿಂದಿಂದ ಹೋಗ್ರಿ. ಬೆನ್ನ ಹಲಗೆಗೆ ಸಾಮಾನ್ಯ ಬರೇ ಮೊಳೆ ಇರತಾವ.

ಕೀಲಿ ತೂತಿನ ಸುತ್ತ ಇರೋ ಸಣ್ಣ ಹಿತ್ತಾಳೆ ಬಳೆಗೆ ಸ್ಕ್ರೂ ಇರೂದಿಲ್ಲ, ಒತ್ತಿ ಕೂಡ್ಸಿರತಾರ. ಮುಂದಿಂದ ಚಾಕು ತುದಿ ಹಾಕಿ ಎಬ್ಬಿಸಿದ್ರ ಬಳೆ ಸೊಟ್ಟ. ಬೀಗ ತಗದ ಮ್ಯಾಲ ಹಿಂದಿಂದ ಕಟ್ಟಿಗೆ ಕಡ್ಡಿ ಇಟ್ಟು ಸುತ್ತ ಸಣ್ಣಗೆ ತಟ್ರಿ.

ಬೀಗದ ಮುಚ್ಚಳ ಬಿಚ್ಚೂದಿದ್ರ ದೊಡ್ಡ ಪ್ಲಾಸ್ಟಿಕ್ ಚೀಲದೊಳಗ ಇಟ್ಟು ಬಿಚ್ಚರಿ. ಸ್ಪ್ರಿಂಗ್ ಹಾರಿ ಹೋದ್ರ ಸಿಗೂದಿಲ್ಲ. ಲಿವರ್ (ಕೀಲಿಕೈ ಎತ್ತೂ ಸಣ್ಣ ತಗಡು) ಯಾವ ಸಾಲಿನೊಳಗ ಕೂತಾವ ಒಂದೊಂದು ತಗದ ಹಂಗ ಫೋಟೋ ತಗೀರಿ. ಎರಡು ಅದಲುಬದಲಾದ್ರ ಮೂಲ ಕೀಲಿಕೈ ಸಿಕ್ಕರೂ ಬೀಗ ತಗಿಯೂದಿಲ್ಲ. ಒಳಗ ಎಣ್ಣಿ ಹಾಕಬ್ಯಾಡ್ರಿ, ಧೂಳ ಕೂಡಿ ಕೆಸರಾಗತದ. ಪೆನ್ಸಿಲ್ ಸೀಸ ಪುಡಿ ಮಾಡಿ ಉದುರಸ್ರಿ. ಐದೂ ಬೀಗಕ್ಕ ಒಂದ ಕೀಲಿಕೈ ಹತ್ತತದೇನು ನೋಡ್ರಿ. ಹತ್ತಿದ್ರ ಅದು ಒಂದು ಜೋಡಣೆ, ಬಿಡಿಬಿಡಿಯಾಗಿ ಮಾರಬಾರದು.

ಮಲೆನಾಡ ಮರ

ಎಲ್ಲರಿಗೂ ಧನ್ಯವಾದ. ಮೂರು ಪ್ರಶ್ನೆ. ಒಂದು ಹಿಡಿಯ ನಟ್ಟು ಕಳೆದಿದೆ, ಎಂ5 (5 ಮಿಮೀ ಮೆಟ್ರಿಕ್) ನಟ್ಟು ಹಾಕಿದರೆ ಅರ್ಧಕ್ಕೆ ನಿಲ್ತಿದೆ. ಒಂದು ಬಿಜಾಗರಿಯನ್ನು ಹುಣಸೆಹಣ್ಣಿನ ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟಿದ್ದಕ್ಕೆ ಗುಲಾಬಿ ಬಣ್ಣ ಬಂದಿದೆ. ಡ್ರಾಯರ್ ಪೆಟ್ಟಿಗೆಯ ಗಾಲಿಯ ಒಂದು ಸ್ಕ್ರೂ ತಲೆ ಮುರೀತು.

ಹಿತ್ತಾಳೆ ಹುಚ್ಚು

ಎಂ5 ತಕ್ಷಣ ತೆಗೀರಿ. ಹಳೇ ಬ್ರಿಟಿಷ್ ಸಾಮಾನಿನ ಸುರುಳಿ ವಿಟ್ವರ್ತ್ ಅನ್ನೋ ಇಂಚು ಅಳತೆಯದ್ದು, ಸುರುಳಿಯ ಕೋನ 55 ಡಿಗ್ರಿ. ಮೆಟ್ರಿಕ್ ಆದರೆ 60. ಮೂರು ಬೈ ಹದಿನಾರು ಇಂಚಿನ ವಿಟ್ವರ್ತ್ ಬೋಲ್ಟು 4.76 ಮಿಮೀ, ಇಂಚಿಗೆ 24 ಸುರುಳಿ. ನೋಡೋಕೆ ಎಂ5ರ ಹಾಗೇ ಇದೆ, ಆದರೆ ಒಂದು ಸುರುಳಿಯಿಂದ ಇನ್ನೊಂದಕ್ಕೆ 1.06 ಮಿಮೀ, ಎಂ5ರಲ್ಲಿ 0.8. ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಕಚ್ಚುತ್ತೆ. ಬಲ ಹಾಕಿದರೆ ಹಿತ್ತಾಳೆಯ ಸುರುಳಿ ಬೋಳು. ಕಾಲಿಂಚಿಗೂ ಎಂ6ಕ್ಕೂ ಇದೇ ಗೋಳು. ಇನ್ನೂ ಹಳೆಯದಾದರೆ ಯಾವ ಅಳತೆಗೂ ಸೇರದ ಸುರುಳಿ ಇರಬಹುದು. ಆಗ ಉಳಿದ ಒಂಬತ್ತು ನಟ್ಟುಗಳಲ್ಲಿ ಒಂದನ್ನು ಮಾದರಿ ಕೊಟ್ಟು ಲೇತ್‌ನಲ್ಲಿ ಮಾಡಿಸಿ.

ಕೊಡತಿ ಪೆಟ್ಟು

ಮುರಿದ ಸ್ಕ್ರೂಗೆ: ಒಳವ್ಯಾಸ ಸ್ಕ್ರೂಗಿಂತ ಒಂದು ಮಿಮೀ ಹೆಚ್ಚಿರೋ ತೆಳು ಉಕ್ಕಿನ ಕೊಳವೆ ತಗೊಂಡು, ತುದಿಗೆ ಮುಕ್ಕೋನದ ಅರದಿಂದ ನಾಲ್ಕೈದು ಹಲ್ಲು ಕೊರೆಯಿರಿ. ಡ್ರಿಲ್ಲಿಗೆ ಕಚ್ಚಿಸಿ, ಉಲ್ಟಾ ತಿರುಗಿಸಿ, ನಿಧಾನ ವೇಗದಲ್ಲಿ ಸ್ಕ್ರೂ ಸುತ್ತ ಇಳಿಸಿ. ಅದಕ್ಕೆ ಹಲ್ಲುಗಳನ್ನೂ ಉಲ್ಟಾ ದಿಕ್ಕಿಗೇ ಕೊರೆಯಬೇಕು. ಎಷ್ಟೋ ಸಲ ಕೊಳವೆ ಸ್ಕ್ರೂವನ್ನು ಹಿಡಿದು ತಾನೇ ಬಿಚ್ಚಿಕೊಂಡು ಬರುತ್ತೆ. ಇಲ್ಲದಿದ್ದರೆ ಮರದ ಸಣ್ಣ ಉರುಳೆ ಸಮೇತ ಬರುತ್ತೆ. ಆ ತೂತಿಗೆ ತೇಗದ್ದೇ ಗೂಟ, ಎಳೆಯ ದಿಕ್ಕು ಹೊಂದಿಸಿ, ಬಡಿದು ಕೂಡಿಸಿ. ಸ್ಕ್ರೂ ತಲೆಯ ಮೇಲೇ ಡ್ರಿಲ್ ಹಾಕಬೇಡಿ, ಬಿಟ್ ಜಾರಿ ಗಾಲಿಯ ಬಟ್ಟಲಿಗೆ ಗಾಯ.

ಉಪ್ಪುಗಾಳಿ

ಗುಲಾಬಿ ಬಣ್ಣ ಅಂದ್ರೆ ಮಾರಾಯ್ರೇ, ಸತು ಕರಗಿ ಹೋಗಿ ಮೇಲ್ಮೈಯಲ್ಲಿ ತಾಮ್ರ ಮಾತ್ರ ಉಳಿದದ್ದು. ಹುಣಸೆಹುಳಿ ಐದು ನಿಮಿಷದ ಕೆಲಸಕ್ಕೆ ಉಂಟು, ರಾತ್ರಿಯಿಡೀ ನೆನೆಸ್ಲಿಕ್ಕೆ ಅಲ್ಲ. ಬಣ್ಣ ತೆಳುವಾಗಿದ್ರೆ ಸೀಮೆಸುಣ್ಣದ ನುಣ್ಣನೆ ಪುಡಿಗೆ ಒಂದೆರಡು ಹನಿ ಎಣ್ಣೆ ಬೆರೆಸಿ ಬಟ್ಟೆಯಲ್ಲಿ ಮೆಲ್ಲ ಉಜ್ಜಿದ್ರೆ ಹೋಗ್ತದೆ. ಆಳಕ್ಕೆ ಇಳಿದಿದ್ರೆ ಲೋಹ ಒಳಗೇ ಪೊಳ್ಳು, ಹಾಗೇ ಬಿಡಿ. ಉಳಿದ ಐದನ್ನು ಮುಟ್ಟಬೇಡಿ. ಕಂದು ಹಿಡಿದ ಹಿತ್ತಾಳೆಯನ್ನು ಫಳಫಳ ಮಾಡಿದ್ರೆ ಗುಜರಿಯವರಿಗೆ ಖುಷಿ, ಸಂಗ್ರಹ ಮಾಡುವವರಿಗೆ ಅಲ್ಲ.

ಅಮೋನಿಯಾ ಇರುವ ಪಾಲಿಶೂ ಬೇಡ, ದನದ ಹಟ್ಟಿಯ ಅಟ್ಟದಲ್ಲಿ ಇಡುವುದೂ ಬೇಡ. ಬಡಿದು, ಬಗ್ಗಿಸಿ ಮಾಡಿದ ಹಿತ್ತಾಳೆಯ ಒಳಗೆ ಎಳೆತ ಉಳಿದಿರ್ತದೆ. ಅದಕ್ಕೆ ಅಮೋನಿಯಾ ತಾಗಿದ್ರೆ ಕಾರಣ ಇಲ್ಲದೆ ಸೀಳಿದ ಹಾಗೆ ಬಿರುಕು ಬಿಡ್ತದೆ. ಇದು ಮೊದಲು ದೊಡ್ಡ ತಲೆನೋವಾದದ್ದು ನಮ್ಮ ದೇಶದಲ್ಲೇ: ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಲಾಯದ ಹತ್ತಿರ ಇಟ್ಟಲ್ಲೇ ಬಿರಿಯುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ಮಳೆಗಾಲದ ತೇವ ಎರಡೂ ಸೇರಿ ಆದದ್ದು ಅಂತ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅಂತ ಮೂವರು 1921ರಲ್ಲಿ ವಿವರಿಸಿದ್ರು.

ಇನ್ನು ಪೇಂಟು. ಹಳೇ ಹಸಿರು, ಹಳದಿ, ಬಿಳಿ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಮನೆ ಪೇಂಟಿಗೆ ಸೀಸದ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಒಣ ಮರಳುಕಾಗದ ಉಜ್ಜಬೇಡಿ, ಬ್ಲೋ ಲ್ಯಾಂಪ್ ಹಿಡಿಯಬೇಡಿ, ಪೇಂಟಿನ ಮರವನ್ನು ಬಚ್ಚಲೊಲೆಗೆ ಹಾಕಲೇಬೇಡಿ. ಹಿಡಿಗಳನ್ನು ಬಿಚ್ಚಿ ಹಳೇ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಲೀಟರಿಗೆ ಎರಡು ಚಮಚ ವಾಷಿಂಗ್ ಸೋಡಾ, ಕುದಿಯದ ಹಾಗೆ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ, ಮನೆ ಹೊರಗೆ. ಪೇಂಟು ಚರ್ಮದ ಹಾಗೆ ಸುಲಿದು ಬರ್ತದೆ, ಉಳಿದದ್ದಕ್ಕೆ ಹಲ್ಲುಜ್ಜುವ ಬ್ರಷ್ಷು. ಅಲ್ಯೂಮಿನಿಯಂ ಪಾತ್ರೆ ಆಗುವುದಿಲ್ಲ, ಸೋಡಾ ಅದನ್ನೇ ತಿಂತದೆ. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಇಲ್ಲ. ಬೀಗಗಳನ್ನು ಇದಕ್ಕೆ ಹಾಕಬೇಡಿ, ಒಳಗಿನ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡೀತದೆ.

ಒಣಗಿಸಿ, ಜೇನುಮೇಣ ತೆಳುವಾಗಿ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಹಾಕಿದ್ರೆ ಗಂಧಕಕ್ಕೆ ಕಪ್ಪು ಪಟ್ಟೆ ಬೀಳ್ತದೆ.

ಗುಜರಿ ಗಣಿತ

ಮಂಚದ ಬಗ್ಗೆ ಯಾರೂ ಹೇಳಲಿಲ್ಲ. ಮ್ಯಾಗ್ನೆಟ್ ಕಚ್ಚಿತು ಅಂತ ಕಡಿಮೆ ಬೆಲೆಗೆ ಕೊಟ್ಟೀರಿ. ಹಿತ್ತಾಳೆ ಮಂಚ ಅನ್ನೋದರಲ್ಲಿ ಬಹುಪಾಲು ಕಬ್ಬಿಣದ ಕೊಳವೆಯ ಮೇಲೆ ತೆಳು ಹಿತ್ತಾಳೆ ಕೊಳವೆ ತೊಡಿಸಿದ್ದೇ. ತೂಕಕ್ಕೆ ಹಾಕಿದರೆ ಕಬ್ಬಿಣದ ದರ, ಇಡೀ ಮಂಚವಾದರೆ ಲೆಕ್ಕವೇ ಬೇರೆ. ಇದನ್ನು ಕೊಯ್ಯಿರಿ ಅಂತ ನಾನೂ ಹೇಳಲ್ಲ.

ಪಕ್ಕದ ಅಡ್ಡಪಟ್ಟಿ ಕಾಲಿಗೆ ಕೂರೋ ಜಾಗದಲ್ಲಿ ಬೀಡು ಕಬ್ಬಿಣದ ಆಪಿನಂಥ ಕೊಂಡಿ ಇರುತ್ತೆ, ಮೇಲಿಂದ ಕೆಳಕ್ಕೆ ಇಳಿಸಿ ಕೂಡಿಸಿದ್ದು. ಪಟ್ಟಿಯ ಕೆಳಗೆ ಮರದ ತುಂಡು ಒತ್ತಿ, ಕೊಡತಿಯಲ್ಲಿ ಕೆಳಗಿಂದ ಮೇಲಕ್ಕೆ ತಟ್ಟಿ. ಕಬ್ಬಿಣದ ಸುತ್ತಿಗೆ ತಾಗಿದರೆ ಬೀಡು ಗಾಜಿನ ಹಾಗೆ ಒಡೆಯುತ್ತೆ, ಬೆಸುಗೆಗೂ ಸುಲಭಕ್ಕೆ ಬಗ್ಗಲ್ಲ. ಕಂಬದ ತಲೆಯ ಗುಂಡು ಒಳಗಿನ ಉದ್ದ ಕಡ್ಡಿಗೆ ತಿರುಚಿ ಕೂಡಿಸಿದ್ದು. ಪೈಪ್ ರೆಂಚ್ ಹಾಕಿದರೆ ಹಲ್ಲು ಗುರುತು, ತೆಳು ಗುಂಡಾದರೆ ಅಪ್ಪಚ್ಚಿ. ಹಳೇ ಸೈಕಲ್ ಟ್ಯೂಬ್ ಸುತ್ತಿ ಕೈಯಲ್ಲೇ ತಿರುಗಿಸಿ.

ಮಲೆನಾಡ ಮರ

ಮಂಚ, ಪೆಟ್ಟಿಗೆ ಇಡಿಯಾಗಿ ಉಳಿಸ್ತೀನಿ. ಬೀರಿನದ್ದನ್ನು ಹೊರದೇಶದ ಒಬ್ಬರು ಕೇಳ್ತಿದ್ದಾರೆ, ಅಂಚೆಯಲ್ಲಿ ಕಳಿಸಬಹುದಾ?

ಹಿತ್ತಾಳೆ ಹುಚ್ಚು

ತಡೀರಿ. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು, ಕಟ್ಟಡದಿಂದ ಬಿಡಿಸಿದ ವಸ್ತು ಎಲ್ಲವೂ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ದೇಶದೊಳಗೆ ವ್ಯಾಪಾರವಾಗಿ ಮಾಡೋಕೂ ಲೈಸೆನ್ಸ್ ಬೇಕು. ಹಳೆಯದಲ್ಲ ಅಂತಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಆ ಬಗ್ಗೆ ಪ್ರಮಾಣಪತ್ರ ತಗೊಂಡೇ ಕಳಿಸಿ. ಬೀಟೆಯ ಕುಲವೂ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ಲೋಹಕ್ಕೆ ಅಂಟಿಕೊಂಡ ಮರದ ತುಂಡು ಜೊತೆಗೆ ಹೋಗೋದು ಬೇಡ.

ಮಲೆನಾಡ ಮರ

ಸರಿ, ಇಲ್ಲೇ ಕೊಡ್ತೀನಿ. ಕೊನೆಗೆ ಆ ಗುಬ್ಬಿ ಮೊಳೆಗಳು. ಮುಂದಿನಿಂದ ಎಬ್ಬಿಸೋಕೆ ಹೋದರೆ ಬಟ್ಟಲು ನಗ್ಗುತ್ತಿದೆ.

ಕೊಡತಿ ಪೆಟ್ಟು

ಮುಂದಿನಿಂದ ಬರಲ್ಲ. ಬಾಗಿಲ ಹಿಂಬದಿಯಲ್ಲಿ ಮೊಳೆಯ ತುದಿ ಮರದೊಳಗೆ ಮಡಚಿರುತ್ತೆ. ಸಣ್ಣ ಉಳಿಯಿಂದ ಆ ತುದಿಯ ಸುತ್ತ ಮರ ಕೆತ್ತಿ, ಮೂತಿ ಚೂಪಾದ ಇಕ್ಕಳದಲ್ಲಿ ತುದಿ ಎತ್ತಿ, ನೇರ ಮಾಡಿ. ಪೂರ್ತಿ ನೇರ ಮಾಡದೆ ಹಿಂದಿನಿಂದ ಹೊಡೆದರೆ ಸೊಟ್ಟ ಕಬ್ಬಿಣ ಮರದಲ್ಲಿ ಸಿಕ್ಕಿಕೊಂಡು, ಬಟ್ಟಲಿಗೆ ಬೆಸೆದಿರೋ ಕಡೆ ಕಿತ್ತುಹೋಗುತ್ತೆ.

ಬೀಟೆಯಲ್ಲಿ ಕಬ್ಬಿಣದ ಮೊಳೆ ವರ್ಷಗಟ್ಟಲೆ ಇದ್ದರೆ ಸುತ್ತ ಕಪ್ಪಾಗಿ ಕಚ್ಚಿರುತ್ತೆ. ನೇರ ಮಾಡಿದ ಮೇಲೂ ಬರದಿದ್ದರೆ ಅದನ್ನು ಗಣಿತ ಅವರ ಗರಗಸಕ್ಕೆ ಬಿಡಿ: ಸುತ್ತ ಒಂದಿಂಚು ಬಿಟ್ಟು ತುಂಡು ಕೊಯ್ದು, ತುಂಡನ್ನು ನಿಲ್ಲಿಸಿ, ಮೊಳೆಯಿಂದ ಅರ್ಧ ಇಂಚು ದೂರದಲ್ಲಿ ಎಳೆಯ ಉದ್ದಕ್ಕೆ ಉಳಿ ಇಟ್ಟು ಒಂದೇ ಪೆಟ್ಟು. ಮರ ಎರಡು ಹೋಳಾಗಿ ಮೊಳೆ ಒಂದು ಬದಿಯಲ್ಲಿ ಉಳಿಯುತ್ತೆ. ಇನ್ನೊಂದು ಬದಿಯಿಂದಲೂ ಹಾಗೇ ಸೀಳಿ. ಬಟ್ಟಲು ಮೇಜಿಗೆ ತಾಗದ ಹಾಗೆ ಕೆಳಗೆ ಗೋಣಿ ಮಡಚಿ ಹಾಕಿಕೊಳ್ಳಿ.